ಷರಾ

ಪಾಲಿಕೆಯ ನಮೂನೆಯಲ್ಲಿ ಹನ್ನೊಂದು ಕಾಲಮ್ಮು:
ಕಟ್ಟಡದ ಹೆಸರು, ವಯಸ್ಸು, ಎತ್ತರ, ಮಾಲೀಕ,
ಗೋಡೆ ಮಣ್ಣಿನದೋ ಗಾರೆಯದೋ,
ಮೇಲೆ ಮಾಳಿಗೆಯೋ ಹಂಚೋ.
ಟೇಪಿನ ಈ ತುದಿ ನಾನು.
ಆ ತುದಿ ಪಂಕಜಾಕ್ಷಿ, ಹೊಸಬಳು,
ದಾವಣಗೆರೆ ಬಿಸಿಲಿಗೆ ಫೈಲನ್ನೇ ಕೊಡೆ ಮಾಡಿಕೊಂಡವಳು.

ಮಂಡಿಪೇಟೆಯನ್ನು ಕತ್ತೆತ್ತಿ ನೋಡಬೇಕು.
ಕೆಳಗೆ ಮೊಬೈಲ್ ರಿಪೇರಿ, ಸ್ಟೀಲ್ ಪಾತ್ರೆ,
ಅರ್ಧ ಎಳೆದ ಶಟರು;
ಅದರ ನೆತ್ತಿಯ ಮೇಲೆ ಬೇರೆಯೇ ಒಂದು ಊರು:
ತೇಗದ ಕಟಾಂಜನ, ಗಾರೆಯ ಗಿಳಿ ಎರಡು,
ಒಂದಕ್ಕೆ ಕೊಕ್ಕಿಲ್ಲ,
ಇನ್ನೊಂದರ ಕೊರಳಿಗೆ ಕೇಬಲ್ಲು.
ಇಸವಿ ಬರೆದಿದೆ ಸರ್, ಎಂದಳು.
ಸುಣ್ಣ ಕೆರೆದರೆ ಒಂದು, ಒಂಬತ್ತು,
ಮುಂದಿನದು ಮೂರೋ ಎಂಟೋ
ಗಿಳಿಗೇ ಗೊತ್ತು.

ಟೇಪು ಕಂಡದ್ದೇ ಮಾಲೀಕ ವಿರೂಪಣ್ಣ ಗಲ್ಲೆಯಿಂದೆದ್ದ.
"ರಸ್ತೆ ಅಗಲ ಮಾಡ್ತೀರೇನ್ರೀ?"
ಇಲ್ಲ, ಹಳೇ ಕಟ್ಟಡದ ಪಟ್ಟಿ, ಉಳಿಸೋಕೆ.
"ಪಟ್ಟಿಗೆ ಸೇರಿದ್ದು ಯಾವುದು ಉಳಿದೈತ್ರೀ?"
ಆದರೂ ಚಹಾ ತರಿಸಿದ.
ಒಳಗೆ ತೊಲೆಯಲ್ಲಿ ತಕ್ಕಡಿಯ ಕೊಂಡಿ,
ಈಗ ಅದಕ್ಕೆ ಮೊಮ್ಮಗಳ ತೊಟ್ಟಿಲು.
ತೂಗುವುದಂತೂ ನಿಂತಿಲ್ಲ.

ಹಿಂದೆ ಬಂಡಿ ಬಯಲು. ಎಂಟನೇ ಕಾಲಮ್ಮು:
"ಖುಲ್ಲಾ ಜಾಗ, ಉಪಯೋಗ ಇಲ್ಲ" ಎಂದು
ಯಾರೋ ಆಗಲೇ ಟೈಪು ಮಾಡಿಟ್ಟಿದ್ದಾರೆ.
ಎತ್ತು ಕಟ್ಟುತ್ತಿದ್ದ ಬಳೆಗಲ್ಲು ಹುಡುಗರ ವಿಕೆಟ್ಟು.
ಸೀರೆಯೊಂದರ ಮೇಲೆ ಒಣಗುವ ಮೆಣಸಿನಕಾಯಿ,
ಚೆಂಡು ಅದರೊಳಗೆ ಬಿದ್ದರೆ ಔಟು.
ಬೇವಿನ ಬುಡದಲ್ಲಿ ಮಂಡಕ್ಕಿ ಚೀಲ ಒರಗಿಸಿ
ಬುಡೇನ್‌ಸಾಬ ಕೂತಿದ್ದಾನೆ, ಹಮಾಲಿ,
ಈಗ ಹಮಾಲಿಯೂ ಅಲ್ಲ.

"ಯಾಕಪ್ಪ ಪಟ್ಟಿ ಎಳೀತಿ? ಕೇಳು, ಹೇಳ್ತೀನಿ.
ಗೇಟಿನಿಂದ ಮಂಡಿ ಮೆಟ್ಲಿಗೆ
ಬರಿಗೈಲಾದ್ರೆ ಮೂವತ್ತಾರು ಹೆಜ್ಜೆ.
ಚೀಲ ಹೊತ್ರೆ ನಲವತ್ತೆರಡು."

ನಾವು ಅಳೆದೆವು. ಇಪ್ಪತ್ತೇಳೂವರೆ ಮೀಟರು.
ಹೋಗುವಾಗಲೂ ಅಷ್ಟೇ, ಬರುವಾಗಲೂ ಅಷ್ಟೇ.
ಆ ಆರು ಹೆಜ್ಜೆ ಟೇಪಿಗೆ ಸಿಗಲಿಲ್ಲ.
ಬಯಲಿನಲ್ಲೇ ಇರಬೇಕು ಎಲ್ಲೋ,
ಅವನ ಬೆನ್ನಿನ ಗೂನಿನಲ್ಲೋ,
ಸವೆದು ತೊಟ್ಟಿಯಾದ ಮೂರನೇ ಮೆಟ್ಟಿಲಲ್ಲೋ,
ಮಳೆ ಬಂದರೆ ಅದರಲ್ಲಿ ಗುಬ್ಬಿ ನೀರು ಕುಡಿಯುತ್ತದಂತೆ.

ತಿರುಗಿ ನೋಡಿದರೆ ಪಂಕಜಾಕ್ಷಿ
ಮಂಡಕ್ಕಿ ಚೀಲ ಹೆಗಲಿಗೇರಿಸಿ ನಡೆಯುತ್ತಿದ್ದಾಳೆ, ಎಣಿಸುತ್ತ.
"ಹತ್ತಿ ಅಲ್ಲವ್ವ ಅದು, ಬರೇ ಗಾಳಿ," ನಕ್ಕ ಸಾಬ.
ಹುಡುಗರು ಆಟ ನಿಲ್ಲಿಸಿ ದಾರಿ ಬಿಟ್ಟರು.
ನಲವತ್ತೊಂಬತ್ತು ಸರ್, ಎಂದಳು ಏದುಸಿರಲ್ಲಿ,
ಸೀರೆ ಬೇರೆ ಕಾಲಿಗೆ ತೊಡರಿತು.

"ಉಪಯೋಗ ಇಲ್ಲ" ಎಂಬುದರ ಮೇಲೆ ಗೀಟು ಹಾಕಿದೆ.
ಕೊನೆಯ ಕಾಲಮ್ಮು ಷರಾ, ಬೆರಳಗಲ.
ಅದರಲ್ಲಿ ಸಣ್ಣಗೆ:
ಹೊತ್ತರೆ ನಲವತ್ತೆರಡು.
ಮೇಲಿನವರು ಏನಿದು ಎಂದು ಕೇಳಿಯಾರು.
ಕೇಳಲಿ.