ಕೊಂಡಿಯ ಸದ್ದು

ನನ್ನ ಎಡಗಣ್ಣು ಸುಣ್ಣಕ್ಕೆ ಹೋಯಿತು.
ಇಲ್ಲಲ್ಲ, ಸಾಗರದ ಕಡೆ, ಒಂದು ಹಳೇ ಮಠದ ಕೆಲಸದಲ್ಲಿ.
ನೀರು ಬಿದ್ದ ಕೂಡಲೇ ಸುಟ್ಟ ಸುಣ್ಣ ಬುಸುಗುಟ್ಟುತ್ತದೆ,
ಬಗ್ಗಿ ನೋಡಬಾರದು. ಬಗ್ಗಿದೆ.
ಯಾರೋ ಹರಳೆಣ್ಣೆ ಅಂದರು, ಯಾರೋ ಎದೆಹಾಲು ಅಂದರು.
ಪಕ್ಕದಲ್ಲೇ ಕೊಡದ ತುಂಬ ತಣ್ಣೀರಿತ್ತು,
ಅದನ್ನು ಯಾರೂ ಅನ್ನಲಿಲ್ಲ.

ಈಗ ಶಿವಮೊಗ್ಗದಲ್ಲಿ, ಕೋಟೆಯ ಹಿಂದೆ, ಹೊಳೆಯ ಮಗ್ಗುಲಿಗೆ
ಒಂದು ಹಳೇ ಕಚೇರಿ. ನಾಯಕರ ಕಾಲದ್ದೆಂದು ಒಬ್ಬರು,
ದಿವಾನರ ಕಾಲದ್ದೆಂದು ಇನ್ನೊಬ್ಬರು.
ಗೆದ್ದಲಿಗೆ ಎರಡೂ ಒಂದೇ.
ತೊಲೆಗೆ ಬೆರಳಿಟ್ಟರೆ ಒಳಗೆಲ್ಲ ಹುಡಿ,
ಹೊರಗೆ ಮಾತ್ರ ಕೆತ್ತಿದ ಗಿಳಿ
ಇನ್ನೂ ಹಣ್ಣು ಕಚ್ಚಿಕೊಂಡಿದೆ.
ಆ ಗಿಳಿಯನ್ನು ನಂಬಿ ಕಾಲಿಡಬೇಡಿ
ಅನ್ನುತ್ತೇನೆ ಹುಡುಗರಿಗೆ.

ನಾನು ಹಾಲಮ್ಮ. ಗಾರೆ ಹದ ಮಾಡುವವಳು.
ಬೆಲ್ಲದ ನೀರು, ಅಳಲೆಕಾಯಿ, ಮೂರು ವಾರ ನೆನೆದ ಸುಣ್ಣ;
ನನ್ನ ಗುಂಡಿಯಿಂದ ಬುಟ್ಟಿ ಮೇಲೇರದೆ
ಗೋಡೆ ಒಂದಂಗುಲ ಬೆಳೆಯದು.
ಸೊಕ್ಕು ಅನ್ನಿ ಬೇಕಾದರೆ.

ದಾದಾಪೀರನ ಕೈಯಲ್ಲಿ ಕರಣೆ ಬೆಣ್ಣೆಯ ಹಾಗೆ ಆಡುತ್ತದೆ.
ಬೆಲ್ಟು ಸೊಂಟದಲ್ಲಿ, ಕೊಂಡಿ ಗಾಳಿಯಲ್ಲಿ.
‘ಸಿಕ್ಕಿಸಿದ್ರೆ ಕೈ ಆಡೋದಿಲ್ಲ ಹಾಲಮ್ಮಕ್ಕ,
ಗೂಟಕ್ಕೆ ಕಟ್ಟಿದ ಆಕಳ ಹಾಗೆ.’
ಗೂಟಕ್ಕೆ ಕಟ್ಟಿದ್ದು ಸಂಜೆ ಹಾಲು ಕೊಡುತ್ತೆ ಮಗ, ಅಂದೆ.
ನಕ್ಕ. ಸಿಕ್ಕಿಸಲಿಲ್ಲ.

ಬುಧವಾರ. ಶನಿವಾರಕ್ಕೆ ಮಂತ್ರಿಗಳು ಬರುವವರು.
ಹಿಂದಿನ ರಾತ್ರಿ ನೆನೆದ ಸಾರುವೆಯ ಹಲಗೆ
ಬಿಸಿಲಿಗೆ ಸೊಟ್ಟಗಾಗಿತ್ತು.
ರಾಟೆ ಕಿರುಗುಟ್ಟಿತು, ಖಾಲಿ ಬುಟ್ಟಿ ಇಳಿಯಿತು,
ಮೇಲಿಂದ ಕೂಗು: ಗಾರೇ!
ನಾನು ಸಲಿಕೆ ಅಡ್ಡ ಹಾಕಿ ಅದರ ಮೇಲೆ ಕೂತೆ.
ಎಲೆಯಡಿಕೆ ಚೀಲ ಬಿಚ್ಚಿದೆ.
ಎಲೆಯ ಬೆನ್ನಿಗೆ ಸುಣ್ಣ ಸವರಿದೆ, ಒಂದು ಉಗುರಿನಷ್ಟು,
ಅವಸರವಿಲ್ಲದೆ.
ಕಂಟ್ರಾಕ್ಟರು ಕೂಲಿ ಹಿಡಿಯುತ್ತೇನೆ ಅಂದರು,
ಕುರುಡಿ ಅಂದರು.
ಅರ್ಧ ಸರಿ, ಅಂದೆ.

ಕೆಲಸ ನಿಂತಿತು.
ಅಷ್ಟು ದೊಡ್ಡ ಕಟ್ಟಡ, ಒಂದು ಬುಟ್ಟಿಗೆ.

ಆಗ ಮೇಲೆ, ಟಕ್.
ಆಚೆ ಮೂಲೆಯಲ್ಲಿ, ಟಕ್.
ಕಾಳಾಚಾರಿಯದು ತಡವಾಗಿ, ಗೊಣಗಿಕೊಂಡು, ಟಕ್.
ಒಂದು ಕಣ್ಣು ಹೋದವಳ ಕಿವಿ ಎರಡೂ ಗಟ್ಟಿ.
ಹನ್ನೊಂದು ಎಣಿಸಿ ಎದ್ದೆ.

ಹಲಗೆ ಮುರಿಯಿತೇ? ಇಲ್ಲ.
ಕಥೆಯಲ್ಲಾದರೆ ಮುರಿಯಬೇಕಿತ್ತು.
ಊಟದ ಹೊತ್ತಿಗೆ ಅದನ್ನು ಇಳಿಸಿ ಬೇರೆ ಹಾಕಿದರು,
ಹಳೆಯದನ್ನು ಒಡೆದು ಚಹಾ ಕಾಯಿಸಿದೆವು.

ಆ ಗೋಡೆಯಲ್ಲಿ ಸಾಲಾಗಿ ಚೌಕ ತೂತುಗಳಿವೆ.
ಪಾರಿವಾಳಕ್ಕೆ ಬಿಟ್ಟದ್ದು ಅಂದುಕೊಂಡಿದ್ದೆ.
ಅಲ್ಲವಂತೆ; ಕಟ್ಟಿದವರು ಬೊಂಬು ತೂರಿಸಿ
ನಿಂತ ಜಾಗವಂತೆ, ಕಾಳಾಚಾರಿ ಹೇಳಿದ.
ಒಂದರಲ್ಲಿ ಕತ್ತದ ಹಗ್ಗದ ತುಂಡು ಸಿಕ್ಕಿತು,
ಕಪ್ಪಾಗಿ, ಗಂಟು ಮಾತ್ರ ಹಾಗೇ.
ಬಾಗಿಲ ಬಳಿಯ ಶಾಸನದಲ್ಲಿ ದಾನ ಕೊಟ್ಟವನಿದ್ದಾನೆ,
ಸೂರ್ಯನಿದ್ದಾನೆ, ಚಂದ್ರನಿದ್ದಾನೆ, ಹಸುವಿದೆ.
ಈ ಗಂಟು ಹಾಕಿದವ
ಆವತ್ತು ಇಳಿದು ಮನೆಗೆ ಹೋದನೇ, ಅದಿಲ್ಲ.

ಸಂಜೆ ಇಂಜಿನಿಯರ್ ಹುಡುಗಿ ಪ್ರಫುಲ್ಲ
ಪುಸ್ತಕ ತೆಗೆದು ಏನೋ ಗೀಚುತ್ತಾಳೆ.
ಏನು ಬರೆದೆ ಅಂದೆ.
‘ಇಂದು ಏನೂ ಆಗಿಲ್ಲ.’
ಅಷ್ಟೇನಾ?
‘ಅಷ್ಟೇ ಹಾಲಮ್ಮ.’
ಇನ್ನೊಂದು ಸಲ ಓದು ಅಂದೆ.

ಬೆಳಿಗ್ಗೆ ಬೂಟು ಹಾಕಿಕೊಳ್ಳುವಾಗ ಎಲ್ಲರೂ
ಚಪ್ಪಲಿಯನ್ನು ಹೆಬ್ಬಾಗಿಲ ಕಟ್ಟೆಯ ಕೆಳಗೆ ಬಿಡುತ್ತಾರೆ.
ಹೋಗುವಾಗ ನಾನು ಆ ಜಾಗ ನೋಡಿಯೇ ಹೋಗುವುದು.
ಇವತ್ತು ಅಲ್ಲೊಂದು ಜೊತೆ ಉಳಿದಿತ್ತು,
ನೀಲಿ ಪಟ್ಟಿ, ಹಿಮ್ಮಡಿ ಸವೆದದ್ದು.
ಎದೆ ಧಸಕ್ಕೆಂದಿತು.
ಮೇಲೆ ನೋಡಿದೆ. ಬರೀ ಸಾರುವೆ, ಬರೀ ಬಾವಲಿ.
ಓಡಿ ರಸ್ತೆಗೆ ಬಂದರೆ
ಹೊಳೆ ಸೇತುವೆಯ ಏರಿನಲ್ಲಿ ದಾದಾಪೀರ,
ಬೂಟು ಕಳಚದೆ, ಹಳದಿ ಟೋಪಿಯನ್ನೂ ತೆಗೆಯದೆ,
ಸೈಕಲ್ಲಿನ ಮೇಲೆ ನಿಂತು ತುಳಿಯುತ್ತಿದ್ದಾನೆ,
ಸೊಂಟದ ಕೊಂಡಿ ಬಾರಿಗೆ ಬಡಿದು
ಟಕ್, ಟಕ್, ಟಕ್.