ಮಸೆದದ್ದು

ಬಾಯಿ ಇನ್ನಷ್ಟು ತೆರೆಯಿರಿ, ಲಮಾರಾ ಅತ್ತೆ, ಅಂದ ರೇವಾಜ್.
ಅತ್ತೆ ಅನ್ನಲು ಹಕ್ಕಿದೆ ಅವನಿಗೆ:
ಏಳು ವರ್ಷದವನಿದ್ದಾಗ ದಿನಕ್ಕೆರಡು ಸಲ
ನನ್ನ ಗಾಡಿಯಲ್ಲೇ ಕಣಿವೆ ದಾಟುತ್ತಿದ್ದ,
ಟಿಕೆಟ್ಟಿಲ್ಲದೆ.

ಚಿಯಾತುರಾದ ಹಗ್ಗದ ಗಾಡಿ. ನೋಡದವರಿಗೆ ಹೇಳುತ್ತೇನೆ:
ತಂತಿಗೆ ನೇತು ಬಿದ್ದ ತಗಡಿನ ಡಬ್ಬಿ, ಅದಕ್ಕೊಂದು ಗಂಟೆ,
ಕೆಳಗೆ ಗಣಿಯ ಮಸಿ ಕುಡಿದು ಕಪ್ಪಾದ ನದಿ.
ಇಪ್ಪತ್ತಾರು ವರ್ಷ ಅದರ ಬಾಗಿಲು ಹಾಕಿದವಳು ನಾನು.

ಎಡಗಡೆ, ಕೆಳಗೆ, ಕೊನೆಯಿಂದ ಎರಡನೆಯದು.
ಉಕ್ಕಿನ ಟೊಪ್ಪಿಗೆ. ವೈದ್ಯರ ಬಾಯಲ್ಲಿ ಅದು ಕಿರೀಟ.
ಹಾಗಾದರೆ ಮೂವತ್ತೇಳು ವರ್ಷ ರಾಣಿಯಾಗಿದ್ದೆ,
ಒಂದು ಹಲ್ಲಿನ ಸೀಮೆಗೆ.
ಈಗ ತಣ್ಣೀರಿಗೆ ಝುಮ್ಮೆನ್ನುತ್ತದೆ, ಬಿಸಿ ಚಹಾಕ್ಕೂ,
ರಾತ್ರಿ ಮೂರಕ್ಕೆ ಕಿವಿಯವರೆಗೂ ತಂತಿ ಎಳೆದ ಹಾಗೆ.
ಲವಂಗ ಒತ್ತಿದೆ. ದ್ರಾಕ್ಷಿ ಸಾರಾಯಿ ಮುಕ್ಕಳಿಸಿದೆ,
ಉಗಿಯಲಿಲ್ಲ, ಅಷ್ಟು ಚೆಲ್ಲುಗೈ ನನ್ನದಲ್ಲ.

ಸೂಜಿ ಚುಚ್ಚಿದ. ಅರ್ಧ ಮುಖ ಬೇರೆ ಯಾರದೋ ಆಯಿತು.
ಆಮೇಲೆ ಉಕ್ಕಿನ ಮೇಲೆ ಉಕ್ಕು.
ಆ ಸದ್ದು ನನಗೆ ಗೊತ್ತು,
ಒಣಗಿದ ರಾಟೆಯ ಮೇಲೆ ಹಗ್ಗ ಓಡುವ ಸದ್ದು.
ಗ್ರೀಸ್ ಹಚ್ಚೋ ಮಾರಾಯ, ಅನ್ನಬೇಕೆನಿಸಿತು;
ನಾಲಿಗೆ ಎಲ್ಲಿತ್ತೋ.

ಚಿಮಟದಲ್ಲಿ ಹಿಡಿದು ದೀಪಕ್ಕೆ ತೋರಿಸಿದ.
'ನೋಡಿ, ಉಕ್ಕೇ ಸವೆದು ತೂತಾಗಿದೆ.
ನಿದ್ದೆಯಲ್ಲಿ ಹಲ್ಲು ಮಸೆಯುತ್ತೀರಿ.
ಯಾರ ಮೇಲೆ ಅತ್ತೆ, ಇಷ್ಟೊಂದು?'
ನಕ್ಕ. ತಮಾಷೆಗೇ ಕೇಳಿದ್ದು.

ಯಾಯ ಮೇಯೂ ಇಯ್ಯ, ಅಂದೆ.

ಜುಂಬೇರ್ ಮೇಲೆ. ನಿನ್ನ ಅಪ್ಪನ ಮೇಲೆ.
ಗಾಡಿ ನಡುಗಾಳಿಯಲ್ಲಿ ನಿಂತ ಆ ಜನವರಿ,
ಐದು ಗಂಟೆ, ಒಳಗೆ ಹನ್ನೊಂದು ಜನ,
ಒಬ್ಬಳ ಬುಟ್ಟಿಯಲ್ಲಿ ಎರಡು ಕೋಳಿ.
ಬ್ರೇಕಿನ ಮನೆಯಲ್ಲಿ ಅವನು ನಿದ್ದೆಹೋಗಿದ್ದ.
ವರದಿಯಲ್ಲಿ ಬರೆದ: ಬಾಗಿಲಿನವಳು ಗಂಟೆ ಬಾರಿಸಲಿಲ್ಲ.
ಬಾರಿಸಿದ್ದೆ.
ಮೂರು ಸಲ.
ಕೋಳಿಗಳೂ ಕೇಳಿದ್ದವು.
ನಾಲ್ಕು ತಿಂಗಳ ಸಂಬಳ ಹೋಯಿತು ನನ್ನದು;
ಅವನಿಗೆ ಮೇಸ್ತ್ರಿಗಿರಿ.

ಅವನು ಸತ್ತಾಗ ಹುರುಳಿಕಾಯಿ ಬೇಯಿಸಿಕೊಂಡು ಹೋದೆ, ಪಾತ್ರೆ ತುಂಬ.
ಉಪ್ಪು ಸ್ವಲ್ಪ ಮುಂದಾಗಿತ್ತು ಅಂದರು.

ಈಗ ನನ್ನ ಬಾಯಿ ತುಂಬ ಅವನ ಮಗನ ಬೆರಳು.
ಶುದ್ಧ ಬೆರಳು, ಸೋಪಿನ ವಾಸನೆಯದು.
ಅಪ್ಪನ ಹೆಬ್ಬೆರಳಿನ ಚಪ್ಪಟೆ ಉಗುರೇ ಇವನದೂ,
ರಬ್ಬರಿನ ಒಳಗೂ ಗೊತ್ತಾಗುತ್ತದೆ.

ಎರಡು ವಾರ ಬಿಟ್ಟು ಹೊಸದು ಬಂತು, ಪಿಂಗಾಣಿಯದು,
ಮೂಲಂಗಿ ಹೂವಿನ ಬಿಳಿ.
ನೀಲಿ ಕಾಗದ ಹಲ್ಲಿನ ನಡುವೆ ಇಟ್ಟು
'ಕಚ್ಚಿ' ಅಂದ. 'ಈಗ ಮಸೆಯಿರಿ, ಆ ಕಡೆ ಈ ಕಡೆ.'
ಮಸೆದೆ.
'ಎತ್ತರವಾಯಿತೇ?'
ಕೂದಲೆಳೆಯಷ್ಟು.
ನೀಲಿ ಹತ್ತಿದಲ್ಲಿ ಉಜ್ಜಿದ. ಮತ್ತೆ ಕಾಗದ.
ಎರಡನೆಯ ಸಲಕ್ಕೇ ಸರಿಯಾಗಿತ್ತು.
ಇನ್ನೂ ಇದೆ, ಅಂದೆ.
ತುಟಿ ಪಿಟ್ಟೆನ್ನದೆ ಮೂರನೆಯ ಸಲ ಉಜ್ಜಿದ.

ದುಡ್ಡು ಬೇಡ ಅತ್ತೆ, ಅಂದ.
ಮೇಜಿನ ಮೇಲೆ ಎಣಿಸಿಟ್ಟು ಬಂದೆ, ಚಿಲ್ಲರೆ ಸಮೇತ.

ಹಳೆಯದು ಬೆಂಕಿಪೊಟ್ಟಣದಲ್ಲಿದೆ, ಅಲ್ಲಾಡಿಸಿದರೆ ಸಣ್ಣ ಸದ್ದು.
ರಾತ್ರಿಗೆಂದು ಪ್ಲಾಸ್ಟಿಕ್ಕಿನ ಕವಚವನ್ನೂ ಕೊಟ್ಟಿದ್ದಾನೆ,
ಮಸೆಯದಿರಲಿ ಎಂದು.

ಹಾಕಿಕೊಂಡಿಲ್ಲ ಇನ್ನೂ.