ಮಡಚಿದ ಮೇಲೂ

ತೊಂಗ್ಯೊಂಗ್ ಬಂದರಿನ ಮೆಟ್ಟಿಲ ಕೆಳಗೆ
ಎರಡು ಮೊಳದ ನನ್ನ ಅಂಗಡಿ.
ಮುಂದೆ ಮೀನಿನ ಬುಟ್ಟಿ, ಹಿಂದೆ ಗೋಡೆ,
ನಡುವೆ ನಾನು, ಒಂದು ಭೂತಗನ್ನಡಿ,
ನಾಲ್ಕು ಸ್ಕ್ರೂಡ್ರೈವರ್, ಕೆಮ್ಮುವ ಹೀಟರ್.

ಸಿಂಪಿ ಬಿಡಿಸುವ ಓಕ್‌ಬುನ್ ಆ ಫೋನು ತಂದದ್ದು
ಇದು ನಾಲ್ಕನೇ ಸಲ.
ಬೆರಳಷ್ಟೂ ದಪ್ಪವಿಲ್ಲ ಪುಣ್ಯಾತ್ಗಿತ್ತಿ,
ರಬ್ಬರ್ ಏಪ್ರನ್ನಿನ ಎದೆಜೇಬಿಗೆ ಇಳಿಬಿಟ್ಟರೆ
ಇದ್ದದ್ದೇ ಗೊತ್ತಾಗದು.
ಗೊತ್ತಾಗದೆ ಒಮ್ಮೆ, ಬಗ್ಗಿದಾಗ, ತೊಟ್ಟಿಗೆ ಬಿದ್ದು
ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಮಲಗಿತ್ತು.
ತೆಳುವಾದದ್ದಕ್ಕೆ ಮರೆವು ಜಾಸ್ತಿ, ಅಂದೆ.
ಮರೆವು ನಿನ್ನಪ್ಪನಿಗೆ, ಅಂದಳು.

ಒಳ್ಳೆಯದನ್ನೂ ಹೇಳಬೇಕು.
ತೆರೆದರೆ ಗುಂಡಿಗಳಲ್ಲಿ ನೀಲಿ ಬೆಳಕು,
ಬೆಳಗಿನ ನಾಲ್ಕಕ್ಕೆ, ಶೆಡ್ಡಿನ ದೀಪ ಹತ್ತುವ ಮುಂಚೆ
ಚಾಕು ಹುಡುಕಲು ಸಾಕು.
ಒದ್ದೆ ಕೈಗವಸಿನ ಹೆಬ್ಬೆರಳಿಗೂ ಒಗ್ಗುತ್ತದೆ.
ಮುಚ್ಚಿಟ್ಟರೆ ಪರದೆಗೆ ಉಪ್ಪು ಹತ್ತದು.
ಹೊರಗೊಂದು ಕಿಟಕಿ, ಅಂಚೆಚೀಟಿಯಷ್ಟು,
ಯಾರೆಂದು ಹೇಳುತ್ತದೆ: ಅಕ್ಕ.
ತೆರೆಯಲೋ ಬೇಡವೋ ಅಂತ ಯೋಚಿಸಲು
ಐದು ರಿಂಗಿನ ಪುರುಸೊತ್ತು ಕೊಡುತ್ತದೆ.

ಕೆಟ್ಟದ್ದು ಕೇಳಬೇಡಿ.
ಬ್ಯಾಟರಿ ಅಂದರೆ ಬಿಸ್ಕತ್ತಿನ ಚೂರು,
ಮಧ್ಯಾಹ್ನದ ಊಟಕ್ಕೆ ಮೊದಲೇ ಸತ್ತಿರುತ್ತದೆ.
ಕೀಲಿನೊಳಗೆ ಹಾದ ರಿಬ್ಬನ್ನು
ಈರುಳ್ಳಿ ಸಿಪ್ಪೆಯಂಥದ್ದು,
ದಿನಕ್ಕೆ ನೂರು ಸಲ ಬಾಗಿ ಬಾಗಿ
ಒಂದು ದಿನ ಬಾಗೆನೆನ್ನುತ್ತದೆ;
ಆಮೇಲೆ ಅರ್ಧ ಪರದೆ ಬೆಳ್ಳಗೆ.
ಎರಡು ರಿಬ್ಬನ್ನು ನಾನೇ ಹಾಕಿದ್ದೇನೆ.

ಆದರೆ ಓಕ್‌ಬುನ್ ದುಡ್ಡು ಕೊಟ್ಟದ್ದು ಸದ್ದಿಗೆ.
ಪಟ್!
ಅಪ್ಪ ಬಿಟ್ಟುಹೋದ ಸಿಂಪಿ ತೆಪ್ಪ, ಹದಿನಾಲ್ಕು ಹಗ್ಗ,
ಎಂಟು ಅಕ್ಕನಿಗೆ, ಆರು ತನಗೆ ಬಂದು
ಒಂಬತ್ತು ವರ್ಷ.
ವಾರಕ್ಕೆ ಮೂರು ಸಲ ಆ ಲೆಕ್ಕ
ಫೋನಿನಲ್ಲಿ ಮೊದಲಿಂದ ಆಗಬೇಕು.
ಕೊನೆಗೆ, ಅಕ್ಕನ ಮಾತಿನ ಕುತ್ತಿಗೆ ಮೇಲೆ,
ಪಟ್!
ಶೆಡ್ಡಿನ ಹೆಂಗಸರ ಚಾಕುಗಳೆಲ್ಲ
ಒಂದು ಗಳಿಗೆ ನಿಲ್ಲುತ್ತಿದ್ದವಂತೆ.

ಮಡಚದ ಫೋನು ತೋರಿಸಿದೆ ಒಮ್ಮೆ, ಗಟ್ಟಿಮುಟ್ಟು.
ಕೆಂಪು ಗುಂಡಿ ಒತ್ತಿ ನೋಡಿದಳು.
'ಇದು ಜಗಳ ಮುಗಿಸೋದೇನೋ ಪ್ಯೊ?
ಸೊಳ್ಳೆ ಒರೆಸಿದ ಹಾಗಿದೆ.'

'ಈ ಸಲ ಏನಾಯ್ತು?'
'ಮುಚ್ಚಿದರೂ ಮುಚ್ಚಲ್ಲ.'

ಬಿಚ್ಚಿದೆ.
ಮೇಲಿನ ರೆಕ್ಕೆಯ ಮೂಲೆಯಲ್ಲಿ
ಎಳ್ಳುಕಾಳಿನಷ್ಟು ಅಯಸ್ಕಾಂತವಿರಬೇಕು,
ಅದು ಹತ್ತಿರ ಬಂದರೇ ಕೆಳಗಿನದಕ್ಕೆ ತಿಳಿಯುವುದು
ಮಡಚಿತು, ಮಾತು ಮುಗಿಯಿತು ಅಂತ.
ಯಾವಾಗ ಸಿಮೆಂಟಿಗೆ ಬಿತ್ತೋ, ಗೂಡು ಖಾಲಿ.
ಅಂದರೆ ಇಷ್ಟು ದಿನ ಪಟ್ ಎಂದದ್ದು ಬರೀ ಪ್ಲಾಸ್ಟಿಕ್ಕು,
ಲೈನು ತೆರೆದೇ ಇತ್ತು.

ಮೊನ್ನೆ ಮಂಗಳವಾರ ಹಾಗೆ ಮುಚ್ಚಿ,
ಜೇಬಿಗಿಳಿಸಿ, ಚಾಕು ಎತ್ತಿಕೊಂಡು
ಪಕ್ಕದವಳ ಹತ್ತಿರ ಏನೋ ಅಂದಿದ್ದಾಳೆ.
ಏನಂತ ನನಗೆ ಹೇಳಲಿಲ್ಲ.
ಸಂಜೆ ಅಕ್ಕ ಬಸ್ಸಿಳಿದು ಶೆಡ್ಡಿಗೆ ಬಂದು,
ಎಲ್ಲರೆದುರು ಪ್ಯಾಂಟು ಮೊಣಕಾಲಿನ ಮೇಲಕ್ಕೆ ಸುತ್ತಿ,
'ನೋಡು, ಬಾವು ಇಳಿದಿದೆ' ಅಂದಳಂತೆ.

'ಒಳ್ಳೆಯದೇ ಆಯ್ತಲ್ಲ, ಹೀಗೇ ಬಿಡಲೇನು?'
'ಸರಿ ಮಾಡೋ ಮುಠ್ಠಾಳ.
ಆರು ಹಗ್ಗದ ಲೆಕ್ಕ ಇನ್ನೂ ಹಾಗೇ ಇದೆ.'

ಸತ್ತ ಫೋನೊಂದರ ಕಾಳು ಕಿತ್ತು ಅಂಟಿಸಿದೆ.
ಐದು ಸಾವಿರ ವೊನ್ ಕೇಳಿದ್ದಕ್ಕೆ ಮೂರು ಕೊಟ್ಟಳು,
ಉಳಿದದ್ದಕ್ಕೆ ಒಂದು ಬೊಗಸೆ ಸಿಂಪಿ.
ಮೆಟ್ಟಿಲ ಬಳಿ ಅವಳ ಎದೆಜೇಬು ಬೆಳಗಿತು.
ಒಂದು ರಿಂಗು, ಎರಡು, ಮೂರು,
ನಾಲ್ಕಕ್ಕೆ ತೆರೆದಳು.
ಚಿಮುಟ ಗಾಳಿಯಲ್ಲೇ ಹಿಡಿದು ಕೂತೆ,
ನನ್ನ ಕೆಲಸದ ಸದ್ದು ಕೇಳಲೆಂದು.
ಅಷ್ಟರಲ್ಲಿ ದ್ವೀಪದ ಹಡಗು ಕೂಗಿತು, ಉದ್ದಕ್ಕೆ.
ಕೂಗು ಮುಗಿದಾಗ ಅವಳು
ತಿರುವಿನಲ್ಲಿ ಇರಲಿಲ್ಲ.